ತೆಳು ತಗಡಿನ ಇದಲೀನಾ

ಆಟಲ್‌ಬರೋ ಎಂಬ ಅಮೆರಿಕದ ಊರಿನಲ್ಲಿ ತೆಳುವಾದ ಲೋಹದ ಕೆಲಸ ಮಾಡಿಸಬೇಕಾದವರು ಒಂದಲ್ಲ ಒಂದು ದಿನ ಇದಲೀನಾ ಫುರ್ತಾದೊಳ ಮೇಜಿನ ಮುಂದೆ ಬಂದು ಕೂರಲೇಬೇಕಾಗಿತ್ತು. ಬಂದವರು ನಕ್ಷೆಯ ಸುರುಳಿ ಬಿಚ್ಚುವುದಕ್ಕೆ ಮುಂಚೆ ಅವಳ ಕೈ ಅಡ್ಡ ಬರುತ್ತಿತ್ತು.

"ತಡೀರಿ. ಮೊದ್ಲು ಹೇಳಿ, ಎಷ್ಟು ಬೇಕು? ಎಷ್ಟು ತೆಳು? ಅಂಚಿಗೆ ಏನಾದ್ರೂ ತಾಗುತ್ತಾ? ಇದು ಬಗ್ಗೋ ವಸ್ತುವೋ, ಸುಮ್ನೆ ಕೂತಿರೋದೋ?"

ಅವಳು ಬ್ರೂಸ್ಟರ್ ಕಾರ್ಖಾನೆಯವಳು. ಅಲ್ಲಿ ಲೋಹವನ್ನು ಕತ್ತರಿಸುತ್ತಿರಲಿಲ್ಲ, ಕರಗಿಸಿ ತೆಗೆಯುತ್ತಿದ್ದರು. ಕಾಗದದಷ್ಟು ತೆಳು ತಗಡಿಗೆ ಬೆಳಕು ಬಿದ್ದರೆ ಗಟ್ಟಿಯಾಗುವ ಪೊರೆ ಹಚ್ಚಿ, ಮೇಲೆ ಆಕಾರದ ಚಿತ್ರವಿಟ್ಟು ಬೆಳಕು ಹಾಯಿಸಿ, ಗಟ್ಟಿಯಾಗದೆ ಉಳಿದ ಪೊರೆಯನ್ನು ತೊಳೆದು, ಕಂದು ಬಣ್ಣದ ದ್ರಾವಣ ಸಿಂಪಡಿಸಿದರೆ ಬೇಡದ ಲೋಹ ಕರಗಿ ಹೋಗಿ ಬೇಕಾದದ್ದು ಉಳಿಯುತ್ತದೆ. ಆ ದ್ರಾವಣಕ್ಕೆ ಕೆಲಸಗಾರರೆಲ್ಲ ಸೂಪು ಎನ್ನುತ್ತಿದ್ದರು. ಎಷ್ಟು ಉಜ್ಜಿದರೂ ಹೋಗದ ಅದರ ಹಳದಿ ಕಲೆ ಇದಲೀನಾಳ ಬೆರಳ ಸಂದುಗಳಲ್ಲಿ ಕಾಯಂ ಆಗಿ ನಿಂತಿತ್ತು. ಚರ್ಚಿನಲ್ಲಿ ಕೈ ಜೋಡಿಸಿದಾಗ ಮಾತ್ರ ಅವಳಿಗೆ ಅದು ನೆನಪಾಗಿ ನಾಚಿಕೆಯಾಗುತ್ತಿತ್ತು.

ಅವಳ ವಿಶೇಷವೇನೆಂದರೆ, ಸೂಪಿನ ಮನೆಯ ಅನ್ನ ತಿನ್ನುತ್ತಿದ್ದರೂ ಎಲ್ಲದಕ್ಕೂ ಸೂಪೇ ಮದ್ದು ಎನ್ನುತ್ತಿರಲಿಲ್ಲ. ಲಕ್ಷಗಟ್ಟಲೆ ವಾಶರು ಬೇಕೆಂದು ಬಂದವನಿಗೆ, "ಅಯ್ಯೋ ಇದಕ್ಯಾಕೆ ಸೂಪು ದಂಡ? ಉಕ್ಕಿನ ಅಚ್ಚು, ಡೈ ಮಾಡ್ಸಿ, ಪ್ರೆಸ್ಸಲ್ಲಿ ಗುದ್ಸಿ ಬಿಸಾಕಿ" ಎನ್ನುವಳು. ದಪ್ಪ ಉಕ್ಕು ತಂದವನಿಗೆ, "ಇಷ್ಟು ದಪ್ಪಾನ ಕರಗ್ಸೋಕೆ ಹೋದ್ರೆ ಅಂಚು ಒಳಒಳಗೇ ತಿಂದ್ಕೊಂಡು ಹೋಗುತ್ತೆ. ಕರೆಂಟು ಹರಿಯೋ ವೈರಲ್ಲಿ ಕೊಯ್ಯೋರ ಹತ್ರ ಹೋಗಿ. ನಿಧಾನ, ಆದ್ರೆ ಅಂಚು ನೇರ ಬರುತ್ತೆ" ಎಂದು ವಿಳಾಸವನ್ನೂ ಹೇಳಿ ಕಳಿಸುವಳು. ಆಗಷ್ಟೇ ಊರಿಗೆ ಬಂದಿದ್ದ ಲೇಸರಿನ ಬಗ್ಗೆ ಯಾರಾದರೂ ಕೇಳಿದರೆ, "ಅಂಚು ಸ್ವಲ್ಪ ಸುಟ್ರೂ ಪರ್ವಾಗಿಲ್ಲ ಅನ್ನೋದಾದ್ರೆ ಚೆನ್ನಾಗೇ ಇದೆ" ಎನ್ನುವಳು. ತೂತುಗಳಿಂದಲೇ ತುಂಬಿದ ಜರಡಿಯೊಂದು ಬಂದಾಗ ಮಾತ್ರ ಅವಳ ಮುಖ ಅರಳುತ್ತಿತ್ತು. "ಇದು ನಮ್ದು. ತೂತು ಹತ್ತು ಇರ್ಲಿ, ಸಾವಿರ ಇರ್ಲಿ, ಸೂಪಿಗೆ ಎಲ್ಲಾ ಒಂದೇ ಹೊತ್ತು."

ಮಾಲೀಕ ಹಾಲಿಸ್ ಬ್ರೂಸ್ಟರ್ ಒಮ್ಮೊಮ್ಮೆ ತಲೆ ಚಚ್ಚಿಕೊಳ್ಳುತ್ತಿದ್ದ. "ಇದಲೀನಾ, ನಿನ್ನ ಕೆಲಸಕ್ಕಿಟ್ಕೊಂಡಿರೋದು ನಾನೋ, ಈ ಬೀದಿಯೋರೆಲ್ಲ ಸೇರ್ಕೊಂಡೋ?"

"ಸರಿಯಾದ ಕಡೆ ಕಳಿಸಿದ್ರೆ ಇನ್ನೊಂದು ಸಲ ಕೇಳೋಕೆ ಇಲ್ಲಿಗೇ ಬರ್ತಾರೆ, ಮಿಸ್ಟರ್ ಬ್ರೂಸ್ಟರ್. ಕೆಟ್ಟದಾಗಿ ಮಾಡ್ಕೊಟ್ರೆ ಎಲ್ಲಿಗೂ ಬರಲ್ಲ."

ಅವರು ಬರುತ್ತಲೂ ಇದ್ದರು. ಹಾಗಾಗಿ ಹಾಲಿಸ್ ಗೊಣಗುವುದಕ್ಕಿಂತ ಮುಂದೆ ಹೋಗಲಿಲ್ಲ.

ಇದಲೀನಾ ಹುಟ್ಟಿದ್ದು ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಲ್ಲಿ, ಸಾವ್ ಮಿಗೆಲ್‌ನ ಒಂದು ಹಳ್ಳಿಯಲ್ಲಿ. ಮದುವೆಯಾದ ಹೊಸದರಲ್ಲಿ ಗಂಡ ಜಿಲ್‌ನ ಜೊತೆ ಈ ಊರಿಗೆ ಬಂದಳು. ಬಂದವಳು ಒಡವೆ ಕಾರ್ಖಾನೆಯಲ್ಲಿ ಸರದ ಕೊಂಡಿ ಜೋಡಿಸಿದಳು, ಆಮೇಲೆ ಬ್ರೂಸ್ಟರ್‌ನಲ್ಲಿ ಭೂತಗನ್ನಡಿಯ ಕೆಳಗೆ ತಗಡು ಪರೀಕ್ಷೆ ಮಾಡಿದಳು. ಕೆಟ್ಟ ತಗಡುಗಳನ್ನು ನೋಡಿ ನೋಡಿಯೇ ಯಾವುದನ್ನು ಹೇಗೆ ಮಾಡಬಾರದು ಎಂಬುದು ಅವಳ ತಲೆಗೆ ಹತ್ತಿತು. ಜಿಲ್ ಎರಕದ ಮನೆಯಲ್ಲಿ ದುಡಿಯುತ್ತಿದ್ದ. ಒಂದು ಮಧ್ಯಾಹ್ನ ಕೆಲಸದ ನಡುವೆಯೇ ಅವನ ಎದೆಬಡಿತ ನಿಂತುಹೋಯಿತು. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದದ್ದು ಅವಳು, ಮತ್ತು ಅತ್ತೆ ಪೆರ್ಪೆತುವಾ.

ಮುದುಕಿ ಇನ್ನು ಫಾಲ್ ರಿವರ್‌ನಲ್ಲಿರುವ ಮಗಳ ಮನೆಗೆ ಹೊರಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಮಗಳು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿಯೂ ಇದ್ದಳು. ಪೆರ್ಪೆತುವಾ ಕಿಟಕಿಯಿಂದಲೇ ಕೈ ಬೀಸಿದರು. "ಅವಳ ಮನೇಲಿ ಟೀವಿ ಜಾಸ್ತಿ, ಸೊಪ್ಪು ಕಮ್ಮಿ. ನಾ ಇಲ್ಲೇ ಇರ್ತೀನಿ." ಹಿತ್ತಲಲ್ಲಿ ಎಲೆಕೋಸಿನ ಸೊಪ್ಪು ಬೆಳೆದು, ಸೊಸೆಗೆ ದಿನಾ ಡಬ್ಬಿಗೆ ಸೊಪ್ಪಿನ ಸಾರು ತುಂಬಿಸಿ ಕಳಿಸುವುದೇ ಆಕೆಯ ಬದುಕಾಯಿತು. ಅತ್ತೆ ಸೊಸೆ ದಿನಕ್ಕೊಂದು ಜಗಳ ಆಡುತ್ತಿದ್ದರು. ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಮಲಗುತ್ತಿರಲಿಲ್ಲ.

ಬ್ರೂಸ್ಟರ್ ಕಾರ್ಖಾನೆಯ ಎದುರಿಗೆ, ಓಣಿಯ ಆಚೆ, ಅರ್ಮಾಂಡ್ ಲಾಶಪೆಲ್‌ನ ಪ್ರೆಸ್ಸಿನ ಅಂಗಡಿ. ಅವನು ಕ್ವಿಬೆಕ್ ಕಡೆಯಿಂದ ಬಂದ ಫ್ರೆಂಚರ ಮನೆತನದವನು, ಡೈ ಮಾಡುವುದರಲ್ಲಿ ಎತ್ತಿದ ಕೈ. ಮದುವೆಯಾಗಿರಲಿಲ್ಲ. ಕೇಳಿದವರಿಗೆ "ಹೆಂಡತಿ ಬಂದ್ರೆ ಡೈ ಮೇಲೆ ಧೂಳು ಕೂರುತ್ತೆ" ಎನ್ನುತ್ತಿದ್ದ. ಮಧ್ಯಾಹ್ನ ಓಣಿಯ ಬೆಂಚಿನ ಒಂದು ತುದಿಯಲ್ಲಿ ಅವನು ತನ್ನ ಮಾಂಸದ ಕಡುಬು ಬಿಚ್ಚುತ್ತಿದ್ದ, ಇನ್ನೊಂದು ತುದಿಯಲ್ಲಿ ಅವಳು ಸಾರಿನ ಡಬ್ಬಿ ಬಿಚ್ಚುತ್ತಿದ್ದಳು.

"ಏನ್ ಮದಾಮ್, ಇವತ್ತು ಎಷ್ಟು ಒಳ್ಳೆ ತಗಡನ್ನ ನೆನೆಹಾಕಿ ಹಾಳು ಮಾಡಿದ್ರಿ?"

"ನಾವು ನೆನೆಹಾಕ್ತೀವಿ ಸೆನ್ಯೋರ್ ಅರ್ಮಾಂದು, ನಿಮ್ಮ ಹಾಗೆ ಹೊಡೆದು ಬಡಿದು ಹೆದರ್ಸಲ್ಲ. ನಿಮ್ಮ ಪ್ರೆಸ್ಸಿಂದ ಬಂದ ತಗಡು ಇನ್ನೂ ನಡುಗ್ತಿರುತ್ತೆ."

"ನಡುಗಿದ್ರೂ ಆಕಾರಕ್ಕೆ ಬಂದಿರುತ್ತಲ್ಲ!"

ಹೀಗೆ ಮಾತು. ಅವಳ ಪೋರ್ಚುಗೀಸ್ ಬಾಯಲ್ಲಿ ಅರ್ಮಾಂಡ್ ಅರ್ಮಾಂದು ಆಗುತ್ತಿದ್ದ. ಒಂದು ತುಂಡು ಕಡುಬು ಅತ್ತ ಹೋಗುತ್ತಿತ್ತು, ಒಂದು ಬಟ್ಟಲು ಸಾರು ಇತ್ತ ಬರುತ್ತಿತ್ತು. ತಿನ್ನುವಾಗ ಇಬ್ಬರೂ ಜಗಳ ನಿಲ್ಲಿಸುತ್ತಿದ್ದರು. ವರ್ಷಗಳೇ ಹೀಗೆ ಕಳೆದಿದ್ದವು. ಅದಕ್ಕೊಂದು ಹೆಸರಿಡಬೇಕೆಂದು ಇಬ್ಬರಿಗೂ ಅನಿಸಿರಲಿಲ್ಲ.

ಎಂಬತ್ತರ ದಶಕದ ನಡುವೆ ಊರಿನ ಒಡವೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಅರ್ಮಾಂಡ್ ಬದುಕಿದ್ದೇ ಅವುಗಳಿಗೆ ಗುದ್ದಿಕೊಡುವ ಕಿವಿಯೋಲೆ, ಗುಂಡಿ, ಪದಕಗಳ ಮೇಲೆ. ಪ್ರೆಸ್ಸಿನ ಧಡ್ ಧಡ್ ಸದ್ದು ಮೊದಲು ಮಧ್ಯಾಹ್ನದ ಮೇಲೆ ನಿಂತಿತು, ಆಮೇಲೆ ದಿನ ಬಿಟ್ಟು ದಿನ ಕೇಳತೊಡಗಿತು. ಒಂದು ದಿನ ಟೇಪು ಹಿಡಿದ ಯಾರೋ ಅಂಗಡಿಯೊಳಗೆ ಪ್ರೆಸ್ಸನ್ನು ಅಳೆಯುತ್ತಿದ್ದುದನ್ನು ಇದಲೀನಾ ತನ್ನ ಕಿಟಕಿಯಿಂದ ನೋಡಿದಳು. ಊಟದ ಹೊತ್ತಿಗೆ ಅವಳು ಅದನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವತ್ತು ಅವನು ಅವಳನ್ನು ಕೆಣಕಲೂ ಇಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

ಅದೇ ವಾರ ಗೇಲ್ ಹೆನೆಸಿ ಬಂದಳು. ಪ್ರಾವಿಡೆನ್ಸ್‌ನಲ್ಲಿ ಕಿವಿ ಕೇಳದವರ ಯಂತ್ರ ಮಾಡುವವರ ಕಡೆಯ ಎಂಜಿನಿಯರು, ಹಿಂದೆಯೂ ಎರಡು ಮೂರು ಸಲ ಬಂದು ಇದಲೀನಾಳ ಮಾತು ಕೇಳಿ ಹೋದವಳು. ಈ ಸಲ ಅವಳಿಗೆ ಬೇಕಾಗಿದ್ದದ್ದು ಒಂದು ಪುಟ್ಟ ನಾಲಗೆ. ಅಕ್ಕಿಕಾಳಿನಷ್ಟು ಉದ್ದ, ಕೂದಲಿನಷ್ಟು ತೆಳು, ನಿಕಲ್ ಬೆರೆಸಿದ ಕಬ್ಬಿಣದ್ದು. ಅಯಸ್ಕಾಂತಗಳ ಕಿರಿದಾದ ಸಂದಿಯಲ್ಲಿ ಅದು ನಡುಗಿದರೆ ಸದ್ದು ಹುಟ್ಟುತ್ತದೆ.

"ಸಂದಿ ತುಂಬಾ ಕಿರಿದು ಇದಲೀನಾ. ಅಂಚು ಚೊಕ್ಕ ಇರ್ಬೇಕು" ಎಂದಳು ಗೇಲ್. "ಸಂಖ್ಯೆ ಮಾತ್ರ ಕಷ್ಟ. ಕಮ್ಮಿನೂ ಅಲ್ಲ, ಲಕ್ಷಗಟ್ಟಲೆನೂ ಅಲ್ಲ. ನೀವೇನಂತೀರಿ?"

ಇದಲೀನಾ ನಕ್ಷೆ ನೋಡಿದಳು. ಸಂಖ್ಯೆ ನೋಡಿದರೆ ಎರಡೂ ದಾರಿಗೆ ವಾದ ಇತ್ತು. ಆದರೆ ಆ ಲೋಹ ಮೃದು. ಗುದ್ದಿ ಕತ್ತರಿಸಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಸಿಬಿರು ಏಳುತ್ತದೆ. ಪ್ರೆಸ್ಸಿನವರು ಅದಕ್ಕೆ ಬರ್ ಎನ್ನುತ್ತಾರೆ. ಹೊಸ ಡೈಯಲ್ಲಿ ಏಳದಿದ್ದರೂ ಅದರ ಹರಿತ ಹೋದಂತೆ ಎದ್ದೇ ಏಳುತ್ತದೆ. ಕರಗಿಸಿ ತೆಗೆದ ಅಂಚಿಗೆ ಆ ಕಾಟವಿಲ್ಲ. ಇದೆಲ್ಲ ಅವಳಿಗೆ ನಕ್ಷೆ ನೋಡಿದ ಗಳಿಗೆಯಲ್ಲೇ ಗೊತ್ತಾಯಿತು. ಅವಳು ತಲೆಯೆತ್ತಿದಳು. ಕಿಟಕಿಯಾಚೆ ಅರ್ಮಾಂಡ್ ತನ್ನ ಅಂಗಡಿಯ ಹೊಸ್ತಿಲಲ್ಲಿ, ಮಾಡಲು ಕೆಲಸವಿಲ್ಲದೆ, ಕೈಕಟ್ಟಿಕೊಂಡು ನಿಂತಿದ್ದ.

"ಪ್ರೆಸ್ಸು" ಎಂದಳು ಇದಲೀನಾ. "ಎದುರಿಗೆ ಲಾಶಪೆಲ್ ಅಂತಿದಾರೆ. ಅವರ ಡೈಯಲ್ಲಿ ಬರ್ ಏಳಲ್ಲ. ಗುದ್ದಿದಾಗ ಲೋಹಕ್ಕೆ ಬರೋ ಬಿಗಿ ಕುಲುಮೇಲಿ ಕಾಯ್ಸಿದ್ರೆ ಹೋಗುತ್ತೆ."

ಗೇಲ್ ಅವಳನ್ನು ನಂಬಿದಳು. ಆ ಸಂಜೆ ಪೆರ್ಪೆತುವಾ ಸೊಸೆಯ ತಟ್ಟೆ ನೋಡಿದರು. "ಏನೇ ಇದು, ಮೀನಿಗೆ ಉಪ್ಪಿನ ಮೇಲೆ ಉಪ್ಪು ಸುರೀತಿದೀಯ. ಮನಸ್ಸೆಲ್ಲಿದೆ?"

"ಎಲ್ಲೂ ಇಲ್ಲ ಅತ್ತೆ."

"ಎಲ್ಲೂ ಇಲ್ದಿದ್ರೆ ಇಲ್ಲಿರ್ಬೇಕಿತ್ತಲ್ಲ."

ಅರ್ಮಾಂಡ್ ಆ ಡೈಯನ್ನು ಮಗುವನ್ನು ಸಾಕಿದ ಹಾಗೆ ಮಾಡಿದ. ಊಟದ ಬೆಂಚಿಗೆ ಅದರ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳಿಗೆ ತೋರಿಸುತ್ತಿದ್ದ, ಮತ್ತೆ ಕೆಣಕತೊಡಗಿದ್ದ. "ನೋಡಿದ್ರಾ, ಕೊನೆಗೂ ನೀವೇ ಒಪ್ಕೊಂಡ್ರಿ." ಅವಳು ನಕ್ಕಳು. ಸಾರಿನ ಬಟ್ಟಲನ್ನು ಅವನ ಕಡೆ ಸರಿಸಿದಳು. ಅವನ ಕಣ್ಣನ್ನು ಮಾತ್ರ ತಪ್ಪಿಸಿದಳು.

ಮೊದಮೊದಲು ಬಂದ ನಾಲಗೆಗಳು ಚೊಕ್ಕವಾಗಿಯೇ ಇದ್ದವು. ಬೇಸಿಗೆ ಮುಗಿಯುವ ಹೊತ್ತಿಗೆ ಗೇಲ್ ಒಂದು ಪೊಟ್ಟಣ ಹಿಡಿದು ಬಂದಳು. ಅವಳು ಸಿಟ್ಟಾಗಿರಲಿಲ್ಲ, ಸುಸ್ತಾದಂತೆ ಕಾಣುತ್ತಿದ್ದಳು. ಅರ್ಮಾಂಡ್‌ನನ್ನೂ ಕರೆಸಿ ಇದಲೀನಾಳ ಮೇಜಿನ ಮುಂದೆ ಕೂರಿಸಿದಳು.

"ಯಂತ್ರ ಹಾಕ್ಕೊಂಡ ಒಬ್ರು ಅಜ್ಜ ಹೇಳಿದ್ರು, ಕಿವಿಯೊಳಗೆ ಯಾರೋ ಕಾಗದ ಹರೀತಿರೋ ಹಾಗಾಗುತ್ತೆ ಅಂತ. ಬಿಚ್ಚಿ ನೋಡಿದ್ವಿ. ಅಂಚು ಎಲ್ಲೋ ಉಜ್ತಾ ಇದೆ."

ಅರ್ಮಾಂಡ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಬರ್ ಎದ್ದಿದೆ" ಎಂದು ಒಪ್ಪಿಕೊಂಡ. "ನನ್ನದೇ. ಡೈ ಮತ್ತೆ ಹರಿತ ಮಾಡ್ಕೊಡ್ತೀನಿ."

"ಮಾಡಿದ್ರೆ ಮತ್ತೆ ಬರಲ್ವಾ?" ಗೇಲ್ ಕೇಳಿದ್ದು ಅವನನ್ನು, ನೋಡಿದ್ದು ಇದಲೀನಾಳನ್ನು.

ಬರಲ್ಲ ಎಂದರೆ ಮುಗಿಯುತ್ತಿತ್ತು, ಸ್ವಲ್ಪ ದಿನದ ಮಟ್ಟಿಗೆ. ಅವಳ ಕಣ್ಣಿಗೆ ಕಂಡದ್ದು ಆ ಅಜ್ಜ. ಮೊಮ್ಮಕ್ಕಳ ಮಾತು ಕೇಳಲೆಂದು ಯಂತ್ರ ಸಿಕ್ಕಿಸಿಕೊಂಡು, ಕಾಗದ ಹರಿಯುವ ಸದ್ದು ಕೇಳುತ್ತ ಕೂತಿರುವವನು.

"ಬರುತ್ತೆ" ಎಂದಳು. "ಎಷ್ಟು ಸಲ ಹರಿತ ಮಾಡಿದ್ರೂ ಬರುತ್ತೆ. ಇವರ ಡೈಯಲ್ಲಿ ತಪ್ಪಿಲ್ಲ, ಈ ಲೋಹಕ್ಕೆ ಡೈ ಒಗ್ಗಲ್ಲ. ಇದು ಮೊದಲ್ನೇ ದಿನವೇ ಸೂಪಿನ ಕೆಲಸ ಆಗಿತ್ತು. ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹಾಗಂದ್ರಿ?"

ಇದಲೀನಾಳ ಕಣ್ಣು ತಾನಾಗಿ ಕಿಟಕಿಯ ಕಡೆ, ಓಣಿಯಾಚೆಯ ಅಂಗಡಿಯ ಕಡೆ ಹೋಯಿತು. ಅರ್ಮಾಂಡ್ ಅದನ್ನು ನೋಡಿದ. ಅವನ ಮುಖ ಕೆಂಪಾಗಿ ಆಮೇಲೆ ಬಿಳಿಚಿತು. ಭೂತಗನ್ನಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದ.

ಅವಳು ಹಿಂದೆಯೇ ಓಡಿದಳು. ಓಣಿಯ ನಡುವೆ ಅವನು ತಿರುಗಿ ನಿಂತ.

"ನನ್ನ ಡೈ ಸರಿಯಿಲ್ಲ ಅಂದಿದ್ರೆ ಸಹಿಸ್ಕೋತಿದ್ದೆ. ನನ್ನ ಕೈ ಹೋಯ್ತು ಅಂದಿದ್ರೂ ಸಹಿಸ್ಕೋತಿದ್ದೆ. ನೀನು ನಂಗೆ ಭಿಕ್ಷೆ ಹಾಕ್ದೆ ಇದಲೀನಾ! ಅದೂ ನನ್ನ ಕೆಲಸದ ಹೆಸರಲ್ಲಿ. ನಾನು ಎರಡು ತಿಂಗಳು ಆ ಡೈ ಮುಂದೆ ಕೂತು ಸಂತೋಷಪಟ್ಟೆ. ಮೂರ್ಖನ ಥರ."

ಅವನು ಅವಳನ್ನು ಯಾವತ್ತೂ ನೀನು ಅಂದವನಲ್ಲ. ಮರುದಿನದಿಂದ ಬೆಂಚಿನ ಆ ತುದಿ ಖಾಲಿ.

ಗೇಲ್ ಮಾತ್ರ ಕೆಲಸವನ್ನು ಬೇರೆಡೆಗೆ ಒಯ್ಯಲಿಲ್ಲ. "ನೀವೇ ಹೇಳಿದ್ರಲ್ಲ, ಅದು ಸಾಕು. ಈಗ ಸರಿ ಮಾಡೋಣ" ಎಂದಳು. ಹಾಲಿಸ್ ಕೂಗಾಡಿದ, ಮೇಜು ಗುದ್ದಿದ, ಕೊನೆಗೆ ಕಾಫಿ ತರಿಸಿಕೊಟ್ಟ. ನಾಲಗೆಗಳು ಸೂಪಿನಲ್ಲಿ ಕರಗಿ ಚೊಕ್ಕವಾಗಿ ಬಂದವು. ಅಂಚಿನಲ್ಲಿ ಬೆರಳಾಡಿಸಿದರೆ ಬೆಣ್ಣೆ. ಆದರೆ ಅವು ಚಪ್ಪಟೆ. ಯಂತ್ರದೊಳಗೆ ಕೂರಬೇಕಾದರೆ ಬುಡವನ್ನು ಕೊಕ್ಕೆಯ ಹಾಗೆ ಬಗ್ಗಿಸಬೇಕಿತ್ತು. ಸೂಪು ಕರಗಿಸಬಲ್ಲದು, ಬಗ್ಗಿಸಲಾರದು. ಇದಲೀನಾ ಚಿಮಟದಲ್ಲಿ ಬಗ್ಗಿಸಿ ನೋಡಿದಳು, ಮರದ ಅಚ್ಚು ಮಾಡಿಸಿ ನೋಡಿದಳು. ಒಂದರ ಹಾಗೆ ಇನ್ನೊಂದು ಬರಲಿಲ್ಲ. ಇದಕ್ಕೆ ಬೇಕಾದದ್ದು ಬಗ್ಗಿಸುವ ಒಂದು ಪುಟ್ಟ ಡೈ. ಅದನ್ನು ಮಾಡಬಲ್ಲವನು ಯಾರೆಂದು ಅವಳಿಗೆ ಗೊತ್ತಿತ್ತು.

"ಹೋಗಿ ಕೇಳು" ಎಂದರು ಪೆರ್ಪೆತುವಾ, ವಿಷಯವನ್ನೆಲ್ಲ ಕೇಳಿ.

"ಇದೂ ಭಿಕ್ಷೆ ಅಂದ್ಕೋತಾರೆ ಅತ್ತೆ."

"ನಿಂಗೆ ನಿಜವಾಗ್ಲೂ ಅವನು ಬೇಕಾ, ಇಲ್ವಾ?"

"ಡೈಗಾ?"

"ನಾನು ಕೇಳಿದ್ದಕ್ಕೆ ಉತ್ರ ಹೇಳು." ಮುದುಕಿ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನನ್ನ ಮಗ ಒಳ್ಳೇವ್ನು. ಅವನು ಹೋಗಿ ತುಂಬಾ ದಿನ ಆಯ್ತು. ನಾನು ಅಳೋದನ್ನ ಅತ್ತು ಮುಗಿಸಿದೀನಿ. ನೀನೂ ಮುಗಿಸಿದೀಯ. ಹೋಗು, ಬಗ್ಗಿಸಿದ್ದೆಲ್ಲ ತಗೊಂಡು ಹೋಗು."

ಇದಲೀನಾ ಕೆಟ್ಟ ನಾಲಗೆಗಳ ತಟ್ಟೆ ಹಿಡಿದು ಓಣಿ ದಾಟಿದಳು. ಅರ್ಮಾಂಡ್ ತನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ತಲೆಯೆತ್ತಲಿಲ್ಲ. ಅವಳು ತಟ್ಟೆಯನ್ನು ಅವನ ಮುಂದಿಟ್ಟಳು. ನೋಡಬಾರದೆಂದು ಅವನು ಎಷ್ಟು ಹೊತ್ತು ತಡೆದುಕೊಂಡನೋ, ಕೊನೆಗೆ ಕೈ ತಾನಾಗಿ ಹೋಗಿ ಒಂದನ್ನು ಎತ್ತಿಕೊಂಡಿತು.

"ಯಾರು ಬಗ್ಗಿಸಿದ್ದು ಇದನ್ನ?"

"ನಾನು."

"ಗೊತ್ತಾಗುತ್ತೆ."

ಅವಳಿಗೆ ನಗು ಬಂತು, ತಡೆದುಕೊಂಡಳು. ಅವನು ನಗಲಿಲ್ಲ. "ಬೇರೆ ದಾರಿ ಏನೇನಿದೆ ಹೇಳು. ಎಲ್ಲಾ ಹೇಳು. ಗಿರಾಕಿ ಮುಂದೆ ಹೇಳೋ ಹಾಗೆ."

ಅವಳು ಹೇಳಿದಳು. ವೈರಲ್ಲಿ ಬಗ್ಗಿದ ಆಕಾರವನ್ನೇ ಗಟ್ಟಿ ತುಂಡಿನಿಂದ ಕೊಯ್ಯಬಹುದು, ಆದರೆ ಇಷ್ಟು ತೆಳುವಾಗಿ ಕೊಯ್ದರೆ ಸೊಟ್ಟಗಾಗುತ್ತದೆ. ಲೇಸರಿನ ಬಿಸಿ ಲೋಹದ ಗುಣ ಕೆಡಿಸುತ್ತದೆ. ಬುಡ ಬೇರೆ, ನಾಲಗೆ ಬೇರೆ ಮಾಡಿ ಬೆಸೆದರೆ ಬೆಸುಗೆಯ ಹತ್ತಿರ ಗಡುಸಾಗಿ ನಡುಕ ಸರಿಯಿರುವುದಿಲ್ಲ. "ಕೈಯಲ್ಲಿ ಬಗ್ಗಿಸಿದ್ರೆ ಹೇಗಿರುತ್ತೆ ಅಂತ ನೀವೇ ನೋಡಿದ್ರಿ."

"ಹಾಗಾದ್ರೆ?"

"ಚಪ್ಪಟೆ ತುಂಡು ನಮ್ಮಲ್ಲಿ ಕರಗ್ಸೋದು. ನಿಮ್ಮಲ್ಲಿ ಬಗ್ಗಿಸೋದು. ಬೇರೆ ದಾರಿ ಇದ್ದಿದ್ರೆ ನಾನು ಈ ಮುಖ ಹೊತ್ಕೊಂಡು ಇಲ್ಲಿಗೆ ಬರ್ತಿರ್ಲಿಲ್ಲ ಅರ್ಮಾಂದು. ಅವತ್ತು ಮಾಡಿದ್ದು ತಪ್ಪು. ನಿಮ್ಮ ಕೆಲಸಕ್ಕೆ ಮಾಡಿದ ಅವಮಾನ. ಅದನ್ನ ಹೇಳೋಕೂ ಬಂದೆ."

ಅವನು ನಾಲಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಬಗ್ಗೋ ಜಾಗದಲ್ಲಿ ನಿಮ್ಮ ಸೂಪಿಂದ ಒಂದು ಗೆರೆ ತೆಗೆದು ತೆಳು ಮಾಡಿದ್ರೆ?" ಎಂದು ಕೇಳಿದ.

"ನಾನೂ ಅದನ್ನೇ ಯೋಚಿಸ್ದೆ. ಸುಲಭವಾಗಿ ಬಗ್ಗುತ್ತೆ."

"ಬಗ್ಗುತ್ತೆ. ಆಮೇಲೆ ನಡುಗಿ ನಡುಗಿ ಅಲ್ಲೇ ಮುರಿಯುತ್ತೆ. ಬೇಡ." ತನ್ನ ಮಾತಿಗೆ ತಾನೇ ತಲೆಯಾಡಿಸಿದ. "ದುಂಡಗೆ ಬಗ್ಗಿಸ್ಬೇಕು, ಮೆಲ್ಲಗೆ. ಹೊಡೀಬಾರ್ದು. ಬಗ್ಗಿಸಿದ್ದು ಸ್ವಲ್ಪ ಹಿಂದಕ್ಕೆ ಹಾರುತ್ತೆ, ಅದಕ್ಕೆ ಒಂಚೂರು ಹೆಚ್ಚೇ ಬಗ್ಗಿಸ್ಬೇಕು. ಆಮೇಲೆ ಕಾಯ್ಸೋದು." ಪೆಟ್ಟಿಗೆಗೆ ತುಂಬಿದ್ದ ಅರಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ. "ನಿಂತ್ಕೊಂಡು ಏನ್ ನೋಡ್ತಿದೀಯ? ಚಪ್ಪಟೆ ತುಂಡು ಇನ್ನಷ್ಟು ತಗೊಂಡ್ಬಾ."

ಮೊದಲ ಡೈ ಸರಿಬರಲಿಲ್ಲ, ಎರಡನೆಯದೂ ಬರಲಿಲ್ಲ. ಅವಳು ಭೂತಗನ್ನಡಿ ಹಿಡಿದು ತಪ್ಪು ಹೇಳುತ್ತಿದ್ದಳು, ಅವನು ಬಯ್ದುಕೊಂಡು ಮತ್ತೆ ಉಜ್ಜುತ್ತಿದ್ದ. ಈ ಸಲ ಅವಳು ಚೂರೂ ಮುಲಾಜು ಮಾಡಲಿಲ್ಲ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದಳು. ಅದರಿಂದಲೇ ಅವನ ಮನಸ್ಸು ದಿನದಿಂದ ದಿನಕ್ಕೆ ತಿಳಿಯಾಯಿತೆಂದು ಕಾಣುತ್ತದೆ. ಕೊನೆಗೆ ಬಂದ ನಾಲಗೆಗಳನ್ನು ಗೇಲ್ ಒಯ್ದು ಯಂತ್ರಗಳಲ್ಲಿ ಕೂರಿಸಿದಳು. ಫೋನು ಮಾಡಿ, "ಆ ಅಜ್ಜ ಈಗ ಬೇರೆ ದೂರು ಹೇಳ್ತಿದಾರೆ" ಎಂದಳು. ಇದಲೀನಾ ಬರೆದುಕೊಳ್ಳಲು ಪೆನ್ಸಿಲು ಎತ್ತಿಕೊಂಡಳು. "ಹೆಂಡ್ತಿ ಗೊಣಗೋದೆಲ್ಲ ಸ್ಪಷ್ಟವಾಗಿ ಕೇಳುತ್ತಂತೆ."

ಪ್ರೆಸ್ಸನ್ನು ಕೊಳ್ಳಲು ಅಳೆದು ಹೋದವನು ಮತ್ತೆ ಬಂದಾಗ ಅರ್ಮಾಂಡ್ ಅವನನ್ನು ಬಾಗಿಲಿನಿಂದಲೇ ಕಳಿಸಿದ. ಸೂಪು ಕರಗಿಸಿದ್ದನ್ನು ಬಗ್ಗಿಸಿಕೊಡುವವರು ಬೇಕೆಂದು ಬೇರೆಯವರೂ ಕೇಳತೊಡಗಿದ್ದರು. ಹಾಲಿಸ್ ತಾನೇ ಹೋಗಿ ಅವನೊಡನೆ ಮಾತಾಡಿ, ಎರಡೂ ಕಡೆಯ ಕೆಲಸವನ್ನು ಒಟ್ಟಿಗೆ ಒಪ್ಪಿಕೊಳ್ಳುವುದೆಂದು ಒಪ್ಪಂದ ಮಾಡಿಕೊಂಡ. ಇದೆಲ್ಲ ತನ್ನದೇ ಯೋಚನೆ ಎಂದು ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಯಾರೂ ತಿದ್ದಲು ಹೋಗಲಿಲ್ಲ.

ಉಳಿದದ್ದನ್ನು ಮಾಡಿದವರು ಪೆರ್ಪೆತುವಾ. ಚಳಿ ಶುರುವಾದ ಒಂದು ಮಧ್ಯಾಹ್ನ ಕೋಲೂರಿಕೊಂಡು ಓಣಿಗೇ ಬಂದು ಬೆಂಚಿನ ಮುಂದೆ ನಿಂತರು. ಕೋಟು ಹೊದ್ದು ನಡುಗುತ್ತ ಊಟ ಮಾಡುತ್ತಿದ್ದ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಎಷ್ಟು ವರ್ಷ ಅಂತ ಬೆಂಚ್ ಮೇಲೆ ಉಣ್ತೀರಪ್ಪ? ಮನೇಲಿ ಮೇಜಿದೆ. ಭಾನುವಾರ ಚರ್ಚು ಮುಗಿಸ್ಕೊಂಡು ಬನ್ನಿ."

"ಬರ್ತೀನಿ ದೋನಾ ಪೆರ್ಪೆತುವಾ" ಎಂದ ಅರ್ಮಾಂಡ್ ಎದ್ದು ನಿಂತು, ಟೋಪಿ ತೆಗೆದು. "ಏನ್ ತರ್ಲಿ?"

"ಒಳ್ಳೆ ಬುದ್ಧಿ ತಗೊಂಡ್ಬನ್ನಿ. ಉಳಿದಿದ್ದು ನಾನು ಮಾಡಿರ್ತೀನಿ."

ಭಾನುವಾರಗಳು ಒಂದರ ಹಿಂದೊಂದು ಬಂದವು. ಮರುವಸಂತದಲ್ಲಿ ಇಬ್ಬರ ಮದುವೆಯಾಯಿತು. ಮುದುಕಿ ಮೊದಲ ಸಾಲಿನಲ್ಲಿ ಕೂತು, ಪಾದ್ರಿ ನಿಧಾನ ಮಾಡಿದಾಗಲೆಲ್ಲ ಕೋಲಿನಿಂದ ನೆಲ ಕುಟ್ಟಿದರು. ಜಿಲ್‌ನ ಪಟ ಗೋಡೆಯ ಮೇಲೆ ಇದ್ದಲ್ಲೇ ಇತ್ತು. ಅದರ ಚೌಕಟ್ಟು ಸಡಿಲವಾದಾಗ ಕಳಚಿ, ಹೊಸ ಹಿತ್ತಾಳೆ ಮೂಲೆಗಳನ್ನು ಮಾಡಿ ಕೂರಿಸಿದವನು ಅರ್ಮಾಂಡ್.

ಇದಲೀನಾ ಆಮೇಲೂ ಬಹಳ ಕಾಲ ಆ ಮೇಜಿನಲ್ಲೇ ಕೂತಳು. ಬಂದವರಿಗೆ ಮೊದಲಿನ ಹಾಗೆಯೇ ಹೇಳಿ ಕಳಿಸುತ್ತಿದ್ದಳು. ಗಂಡನ ಅಂಗಡಿಗೆ ಕಳಿಸುವಾಗ ಮಾತ್ರ ಒಂದಕ್ಕೆರಡು ಸಲ ಯೋಚಿಸುತ್ತಿದ್ದಳು. ಮನೆಯಲ್ಲಿ ಅದಕ್ಕೂ ಜಗಳ. "ನಂಗೆ ಬರ್ಬೇಕಾದ್ದನ್ನೂ ಬೇರೆಯೋರಿಗೆ ಕೊಟ್ಟಿದೀಯ" ಎಂದು ಅವನು, "ನಿಂಗೆ ಬರ್ಬಾರ್ದಾದ್ದು ಒಂದ್ಸಲ ಬಂದಿದ್ದು ಸಾಕು" ಎಂದು ಅವಳು. ಪೆರ್ಪೆತುವಾ ಇಬ್ಬರ ನಡುವೆ ಕೂತು, ಯಾರು ಸೋಲುತ್ತಿದ್ದಾರೋ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದರು.

ಮುದುಕಿಗೆ ಕಾಲು ಸೋತ ಮೇಲೆ ಚರ್ಚಿಗೆ ಅವರನ್ನು ತೋಳು ಹಿಡಿದು ಕರೆದೊಯ್ಯುವುದು ಅರ್ಮಾಂಡ್‌ನ ಪಾಲಿಗೆ ಬಂತು. ಒಂದು ಭಾನುವಾರ ಮೆಟ್ಟಿಲ ಹತ್ತಿರ ಹೊಸ ಪಾದ್ರಿ ಎದುರಾಗಿ, "ಇವರು ನಿಮ್ಮ ಮಗನಾ ದೋನಾ?" ಎಂದು ಕೇಳಿದರು.

"ನನ್ನ ಸೊಸೆ ಗಂಡ" ಎಂದರು ಪೆರ್ಪೆತುವಾ, ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಸೊಸೆ ಗಂಡ ನಂಗೇನಾಗ್ಬೇಕು ಅಂತ ನೀವೇ ಹೇಳಿ, ಫಾದರ್. ನೀವು ಓದ್ಕೊಂಡೋರು."

ಪಾದ್ರಿ ಯೋಚಿಸುತ್ತ ಅಲ್ಲೇ ನಿಂತರು. ಇವರಿಬ್ಬರೂ ಮೆಲ್ಲಗೆ ಮೆಟ್ಟಿಲು ಹತ್ತಿ ಒಳಗೆ ಹೋದರು.